ವಿಳಾಸದಲ್ಲಿ ‘ಕೇರಾಫ್’ ಪದದ ಅರ್ಥ ಮತ್ತು ಬಳಕೆ

‘ಕೇರ್ ಆಫ್’ ಎಂಬ ಇಂಗ್ಲಿಷ್ ಪದಗುಚ್ಛವು ಕನ್ನಡದ ಆಡುಮಾತಿನಲ್ಲಿ ‘ಕೇರಾಫ್’ ಎಂದು ರೂಢಿಯಲ್ಲಿದ್ದು, ನಮೂನೆಗಳಲ್ಲಿ ‘ಸಿ/ಒ’ ಎಂದು ಮುದ್ರಿತವಾಗಿರುತ್ತದೆ. ಪತ್ರವು ಇಂತಹವರ ಮೂಲಕ ವಿಳಾಸದಾರರಿಗೆ ತಲುಪಬೇಕು ಎಂಬುದಷ್ಟೇ ಇದರ ಅರ್ಥ. ‘ಮೂಲಕ’ ಎಂದು ಬರೆದರೂ ತಪ್ಪಿಲ್ಲ. ಆದರೆ ಅಂಚೆಯವರಿಗೆ ‘ಕೇರಾಫ್’ ಎಂಬುದೇ ಬೇಗ ತಿಳಿಯುತ್ತದೆ.

ಬಂಡಳ್ಳಿಯಿಂದ ವ್ಯಾಸಂಗಕ್ಕೆ ತೆರಳಿ ಕೊಳ್ಳೇಗಾಲದ ಬಂಧುಗಳ ಮನೆಯಲ್ಲಿ ವಾಸವಿರುವ ವಿದ್ಯಾರ್ಥಿಯು ಮೊದಲು ತನ್ನ ಹೆಸರನ್ನು, ಅದರ ಕೆಳಗೆ ಕೇರಾಫ್ ಎಂದು ಮನೆಯ ಯಜಮಾನರ ಹೆಸರನ್ನು, ಅನಂತರ ಆ ಮನೆಯ ಬೀದಿ, ಊರು ಹಾಗೂ ಪಿನ್ ಕೋಡನ್ನು ಬರೆಯತಕ್ಕದ್ದು. ಬಂಡಳ್ಳಿಯ ಪಿನ್ ಕೋಡ್ ಬರೆದಲ್ಲಿ ಪತ್ರವು ಬಂಡಳ್ಳಿಗೇ ಹೋಗುವ ಸಂಭವವಿರುತ್ತದೆ.

ಕಂದಾಯ ದಾಖಲೆಗಳಲ್ಲಿನ ‘ಬಿನ್’ (ಇಂತಹವರ ಮಗ), ‘ಕೋಂ’ (ಇಂತಹವರ ಪತ್ನಿ) ಎಂಬ ಪದಗಳು ಸಂಬಂಧವನ್ನು ತಿಳಿಸುತ್ತವೆ. ಕೇರಾಫ್ ತಿಳಿಸುವುದಿಲ್ಲ. ಆಧಾರ್ ವಿಳಾಸದಲ್ಲಿ ತಂದೆ ಅಥವಾ ಪತಿಯ ಹೆಸರಿನ ಹಿಂದೆ ಈ ಪದವಿದ್ದರೂ ಅದು ಸಂಬಂಧಕ್ಕೆ ಪುರಾವೆಯಾಗದು. ವಂಶವೃಕ್ಷ, ಪೌತಿ ಖಾತೆ ಮುಂತಾದ ಕೋರಿಕೆಗಳಲ್ಲಿ ಅರ್ಜಿದಾರರು ಇದನ್ನೇ ನಂಬಿ ಬಂದು ಹಿಂದಿರುಗುವಂತಾಗಬಾರದು. ಸಂಬಂಧವನ್ನು ತೋರಿಸುವ ಬೇರೆ ದಾಖಲೆಯನ್ನು ಲಗತ್ತಿಸುವುದು ಸೂಕ್ತ.

ರಿಜಿಸ್ಟರ್ಡ್ ಅಂಚೆಯು 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್ ಸೇವೆಯಲ್ಲಿ ವಿಲೀನಗೊಂಡಿರುತ್ತದೆ. ಹೆಚ್ಚುವರಿ ಶುಲ್ಕದೊಂದಿಗೆ ನೋಂದಣಿ ಮಾಡಿಸಿದ ಲಕೋಟೆಯನ್ನು ವಿಳಾಸದಾರರಿಗೆ ಅಥವಾ ಅವರಿಂದ ಅಧಿಕಾರ ಪಡೆದವರಿಗೆ ಮಾತ್ರ ನೀಡಲಾಗುವುದರಿಂದ, ಮನೆಯಲ್ಲಿ ಇಲ್ಲದ ಅವಧಿಗೆ ಕೇರಾಫ್ ಹೆಸರಿನವರಿಗೆ ಲಿಖಿತ ಅಧಿಕಾರ ಪತ್ರ ಕೊಟ್ಟಿರುವುದು ಒಳಿತು.