ಮೂತ್ರದ ಬಣ್ಣದಿಂದ ರಕ್ತದ ಅಂಕಿಗೆ: ಕೀಟೋನ್ ಅಳತೆ ನಡೆದು ಬಂದ ದಾರಿ

ದೇಹಕ್ಕೆ ಪಿಷ್ಟ, ಸಕ್ಕರೆಗಳು ಸಿಗದೆ ಹೋದಾಗ ಯಕೃತ್ತು ಕೊಬ್ಬನ್ನು ಒಡೆದು ಕೀಟೋನ್‌ಗಳೆಂಬ ಸಣ್ಣ ಅಣುಗಳನ್ನು ತಯಾರಿಸುತ್ತದೆ. ಇವು ಮೂರು: ಅಸಿಟೋಅಸಿಟೇಟ್, ಅದರಿಂದ ಹುಟ್ಟುವ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್, ಮತ್ತು ಉಸಿರಿನಲ್ಲಿ ಹೊರಹೋಗುವ ಅಸಿಟೋನ್. ರಕ್ತದಲ್ಲಿ ಹೆಚ್ಚು ಪಾಲು ಎರಡನೆಯದರದೇ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ಕೀಟೋನ್ ಅಲ್ಲ, ಆದರೂ ಹೆಸರು ಉಳಿದುಕೊಂಡಿದೆ. ಯಾವ ಪರೀಕ್ಷೆ ಈ ಮೂರರಲ್ಲಿ ಯಾವುದನ್ನು ಕಾಣುತ್ತದೆ ಎನ್ನುವುದು ಮೊದಲಿನಿಂದಲೂ ಈ ವಿಷಯದ ಮುಖ್ಯ ತೊಡಕು. ಅದನ್ನು ಬಿಟ್ಟು ಬರೀ ಅಂಕಿಯನ್ನು ಓದಿದರೆ ಅರ್ಥ ತಪ್ಪುತ್ತದೆ.

ಕೀಟೋನ್‌ಗಳು ಮೊದಲು ಕಂಡದ್ದು ರೋಗದ ಗುರುತಾಗಿ. 1857ರಲ್ಲಿ ಪ್ರಾಗ್‌ನ ವಿಲ್ಹೆಲ್ಮ್ ಪೆಟ್ಟರ್ಸ್ ಮಧುಮೇಹಿಯೊಬ್ಬರ ಮೂತ್ರದಲ್ಲಿ ಅಸಿಟೋನ್ ಇದೆಯೆಂದು ತೋರಿಸಿದರು. 1865ರಲ್ಲಿ ಕಾರ್ಲ್ ಗೆರ್ಹಾರ್ಟ್, ಫೆರಿಕ್ ಕ್ಲೋರೈಡ್ ಹಾಕಿದಾಗ ಇಂಥ ಮೂತ್ರ ಕೆಂಪಾಗುವುದನ್ನು ಗುರುತಿಸಿದರು. ಅದು ಅಸಿಟೋಅಸಿಟೇಟ್‌ನ ಸುಳಿವು. 1884ರ ಹೊತ್ತಿಗೆ ಜರ್ಮನಿಯ ಸಂಶೋಧಕರು ಬೀಟಾ ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲವನ್ನೂ ಗುರುತಿಸಿದ್ದರು. ಇನ್ಸುಲಿನ್ ಇಲ್ಲದ ಆ ಕಾಲದಲ್ಲಿ ಉಸಿರಿಗೆ ಮಾಗಿದ ಹಣ್ಣಿನ ವಾಸನೆ ಬಂದರೆ ಸಾವು ಹತ್ತಿರವಾಯಿತೆಂದೇ ವೈದ್ಯರು ತಿಳಿಯುತ್ತಿದ್ದರು. ಕೀಟೋನ್ ಎಂದರೆ ವಿಷ ಎಂಬ ಭಾವನೆ ವೈದ್ಯಕೀಯದಲ್ಲಿ ಬಹುಕಾಲ ನಿಂತದ್ದಕ್ಕೆ ಕಾರಣ ಇದೇ.

ಈ ಭಾವನೆಗೆ ಎದುರಾಗಿ ಬಂದದ್ದು ಮೂರ್ಛೆರೋಗದ ಚಿಕಿತ್ಸೆ. ಉಪವಾಸವಿದ್ದ ರೋಗಿಗಳಿಗೆ ಸೆಳವು ಕಡಿಮೆಯಾಗುತ್ತದೆಂದು 1911ರಲ್ಲಿ ಫ್ರಾನ್ಸ್‌ನ ಗೆಲ್ಪಾ ಮತ್ತು ಮಾರಿ ವರದಿ ಮಾಡಿದ್ದರು. ಆದರೆ ಮಗುವನ್ನು ಎಷ್ಟು ದಿನ ಉಪವಾಸ ಕೆಡವಲಾದೀತು? 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ದಾರಿ ಸೂಚಿಸಿದರು: ಕೊಬ್ಬು ತೀರ ಹೆಚ್ಚು, ಪಿಷ್ಟ ತೀರ ಕಡಿಮೆ ಇರುವ ಊಟ ಕೊಟ್ಟರೆ ಉಪವಾಸವಿಲ್ಲದೆಯೂ ಕೀಟೋನ್ ಏರುತ್ತದೆ. 'ಕೀಟೋಜೆನಿಕ್ ಆಹಾರ' ಎಂಬ ಹೆಸರು ಅವರದೇ. ಅಲ್ಲಿನ ಮಕ್ಕಳ ವೈದ್ಯ ಪೀಟರ್‌ಮನ್ ಅದಕ್ಕೆ ಲೆಕ್ಕ ಕಟ್ಟಿದರು: ಮಗುವಿನ ತೂಕದ ಪ್ರತಿ ಕಿಲೋಗೆ 1 ಗ್ರಾಂ ಪ್ರೋಟೀನ್, ದಿನಕ್ಕೆ 10ರಿಂದ 15 ಗ್ರಾಂ ಪಿಷ್ಟ, ಉಳಿದದ್ದೆಲ್ಲ ಕೊಬ್ಬು. 1938ರಲ್ಲಿ ಸೆಳವು ತಡೆಯುವ ಫೆನಿಟಾಯಿನ್ ಮಾತ್ರೆ ಬಂದ ಮೇಲೆ, ತೂಗಿ ತೂಗಿ ಬಡಿಸುವ ಈ ಊಟ ಹಿಂದೆ ಸರಿಯಿತು.

ಆಗ ಕೀಟೋನ್ ನೋಡಲು ಸಾಮಾನ್ಯವಾಗಿ ಬಳಸುತ್ತಿದ್ದ ಸಾಧನ ಮೂತ್ರದ ಬಣ್ಣ. 1908ರ ರೋಥೆರಾ ಪರೀಕ್ಷೆಯಲ್ಲಿ ನೈಟ್ರೋಪ್ರುಸೈಡ್ ಮತ್ತು ಅಮೋನಿಯ ಸೇರಿದಾಗ ನೇರಳೆ ಉಂಗುರ ಮೂಡುತ್ತದೆ. ಭಾರತದ ವೈದ್ಯಕೀಯ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಇದನ್ನು ಇಂದಿಗೂ ಮಾಡುತ್ತಾರೆ. 1950ರ ದಶಕದಲ್ಲಿ ಅದೇ ರಸಾಯನವನ್ನು ಕಾಗದದ ಪಟ್ಟಿಗೆ ಹಚ್ಚಿ ಮಾರುಕಟ್ಟೆಗೆ ತಂದರು, ಪರೀಕ್ಷೆ ಮನೆಗೇ ಬಂತು. ಆದರೆ ಕೊರತೆಯೂ ಜೊತೆಗೆ ಬಂತು: ಈ ಪಟ್ಟಿ ಅಸಿಟೋಅಸಿಟೇಟನ್ನು ಕಾಣುತ್ತದೆಯೇ ಹೊರತು ರಕ್ತದಲ್ಲಿ ಹೆಚ್ಚಿರುವ ಬೀಟಾ ಹೈಡ್ರಾಕ್ಸಿಬ್ಯುಟಿರೇಟನ್ನು ಕಾಣುವುದೇ ಇಲ್ಲ. ನೀರು ಹೆಚ್ಚು ಕುಡಿದರೆ ಬಣ್ಣ ತೆಳುವಾಗುತ್ತದೆ. ಕೀಟೋನ್ ಏರಿ ಬರುವ ಮಧುಮೇಹದ ಆಮ್ಲತೆಗೆ ಚಿಕಿತ್ಸೆ ನಡೆಯುವಾಗ ಇನ್ನೊಂದು ಗೊಂದಲ: ರೋಗಿ ಚೇತರಿಸಿಕೊಳ್ಳುತ್ತಿರುವಾಗಲೇ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಮರಳಿ ಅಸಿಟೋಅಸಿಟೇಟ್ ಆಗುವುದರಿಂದ ಪಟ್ಟಿಯ ಬಣ್ಣ ಗಾಢವಾಗಿಯೇ ಉಳಿಯಬಹುದು.

ಮೂತ್ರದಿಂದ ರಕ್ತಕ್ಕೆ ದಾರಿ ತೆರೆದದ್ದು 1962ರಲ್ಲಿ. ವಿಲಿಯಮ್‌ಸನ್, ಮೆಲನ್‌ಬಿ ಮತ್ತು ಹಾನ್ಸ್ ಕ್ರೆಬ್ಸ್ ರಕ್ತದಲ್ಲಿ ಈ ಎರಡೂ ಅಣುಗಳನ್ನು ಬೇರೆ ಬೇರೆಯಾಗಿ ಅಳೆಯುವ ಕಿಣ್ವ ವಿಧಾನವನ್ನು ಪ್ರಕಟಿಸಿದರು. ಆರೋಗ್ಯವಂತರ ಕೀಟೋಸಿಸ್ (ರಕ್ತದಲ್ಲಿ ಕೀಟೋನ್ ಏರಿದ ಸ್ಥಿತಿ) ಬೇರೆ, ರೋಗದ ಕೀಟೋಸಿಸ್ ಬೇರೆ ಎಂಬ ಭೇದವನ್ನು ಕ್ರೆಬ್ಸ್ ಒತ್ತಿ ಹೇಳಿದರು. ಈ ಕ್ಷೇತ್ರದ ದಿಕ್ಕನ್ನೇ ತಿರುಗಿಸಿದ ಪ್ರಯೋಗ ನಡೆದದ್ದು ಬಾಸ್ಟನ್‌ನಲ್ಲಿ. 1967ರಲ್ಲಿ ಆಲಿವರ್ ಓವೆನ್, ಜಾರ್ಜ್ ಕಾಹಿಲ್ ಮತ್ತು ಸಂಗಡಿಗರು ಐದಾರು ವಾರ ಉಪವಾಸವಿದ್ದ ಮೂವರು ಸ್ಥೂಲಕಾಯದವರ ಮಿದುಳಿಗೆ ಹೋಗುವ ಮತ್ತು ಅಲ್ಲಿಂದ ಬರುವ ರಕ್ತವನ್ನು ಹೋಲಿಸಿ ನೋಡಿದರು. ಮಿದುಳಿಗೆ ಗ್ಲೂಕೋಸ್ ಬಿಟ್ಟರೆ ಗತಿಯಿಲ್ಲ ಎಂಬ ನಂಬಿಕೆ ಅಲ್ಲಿ ಮುರಿಯಿತು. ಅದರ ಇಂಧನದ ಬಹುಪಾಲನ್ನು ಕೀಟೋನ್‌ಗಳೇ ಪೂರೈಸುತ್ತಿದ್ದವು. ವಿಷವೆಂದು ಕರೆಸಿಕೊಂಡದ್ದು ಬರಗಾಲದಲ್ಲಿ ಮನುಷ್ಯನನ್ನು ಬದುಕಿಸಿದ ಆಹಾರ ಎಂದು ತಿಳಿಯಿತು.

1990ರ ದಶಕದಲ್ಲಿ ಮೂರ್ಛೆರೋಗದ ಆಹಾರ ಚಿಕಿತ್ಸೆ ಮರಳಿ ಬಂತು. ಜಾನ್ಸ್ ಹಾಪ್‌ಕಿನ್ಸ್‌ನ ಜಾನ್ ಫ್ರೀಮನ್ ತಂಡ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸೆಳವಿನ ಹತೋಟಿಗೆ ಹೊಂದುವುದು ಮೂತ್ರದ ಬಣ್ಣವಲ್ಲ, ರಕ್ತದ ಅಂಕಿ. ಲೀಟರಿಗೆ 4 ಮಿಲಿಮೋಲ್ ದಾಟಿದ ಮಕ್ಕಳಲ್ಲಿ ಹತೋಟಿ ಹೆಚ್ಚು. ಲಂಡನ್ನಿನ ಯಾದೃಚ್ಛಿಕ ಪ್ರಯೋಗದ ಫಲಿತಾಂಶ 2008ರಲ್ಲಿ ಬಂತು: ಆಹಾರ ಬದಲಿಸಿದ ಮಕ್ಕಳಲ್ಲಿ ಶೇ. 38ರಷ್ಟು ಮಂದಿಗೆ ಸೆಳವು ಅರ್ಧಕ್ಕಿಂತ ಹೆಚ್ಚು ಇಳಿಯಿತು, ಬದಲಿಸದವರಲ್ಲಿ ಶೇ. 6ರಷ್ಟು ಮಾತ್ರ. ದೆಹಲಿಯ ಏಮ್ಸ್‌ನಲ್ಲಿ 102 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗ ಬಳಸಿದ್ದು ಇಷ್ಟು ಕಟ್ಟುನಿಟ್ಟಲ್ಲದ ಮಾರ್ಪಡಿಸಿದ ಆಟ್ಕಿನ್ಸ್ ಆಹಾರವನ್ನು. ಅಲ್ಲಿ ಇದೇ ಹೋಲಿಕೆ ಶೇ. 52 ಮತ್ತು 11.5. ಭಾರತದ ಮಟ್ಟಿಗೆ ಇದು ದೊಡ್ಡ ಮಾತು. ಪ್ರತಿ ತುತ್ತನ್ನೂ ತಕ್ಕಡಿಯಲ್ಲಿ ತೂಗಬೇಕಿಲ್ಲದ ಕ್ರಮವೂ ಫಲ ಕೊಡುತ್ತದೆಂದು ಅದು ತೋರಿಸಿತು.

ತೂಕ ಇಳಿಸುವವರ ಕಥೆ ಬೇರೆ. ಮೇಲಿನ ಆಹಾರಕ್ಕೆ ಹೆಸರಾದ ವೈದ್ಯ ರಾಬರ್ಟ್ ಆಟ್ಕಿನ್ಸ್ 1972ರ ತಮ್ಮ ಪುಸ್ತಕದಲ್ಲಿ ಮೂತ್ರದ ಪಟ್ಟಿಯನ್ನು ಮನೆಮಾತಾಗಿಸಿದರು. 'ಪೌಷ್ಟಿಕ ಕೀಟೋಸಿಸ್' ಎಂಬ ಮಾತನ್ನು ಬಳಕೆಗೆ ತಂದ ಸ್ಟೀಫನ್ ಫಿನ್ನಿ ಮತ್ತು ಜೆಫ್ ವೋಲೆಕ್ 0.5ರಿಂದ 3 ಮಿಲಿಮೋಲ್ ಎಂಬ ವ್ಯಾಪ್ತಿ ಹಾಕಿಕೊಟ್ಟರು. ಬೆರಳು ಚುಚ್ಚಿ ರಕ್ತದ ಕೀಟೋನ್ ನೋಡುವ ಮೀಟರುಗಳು ಆ ವೇಳೆಗೆ ಮನೆಗಳಿಗೆ ಬಂದಿದ್ದವು. ಅಂಕಿ ಹೆಚ್ಚಿದಷ್ಟೂ ಕೊಬ್ಬು ಹೆಚ್ಚು ಕರಗುತ್ತದೆಂಬ ತಪ್ಪು ಗ್ರಹಿಕೆ ಹರಡಿದ್ದು ಈ ಹಂತದಲ್ಲೇ. ಮೀಟರು ತೋರಿಸುವುದು ಆ ಗಳಿಗೆಯಲ್ಲಿ ರಕ್ತದಲ್ಲಿ ಉಳಿದ ಕೀಟೋನನ್ನು, ಅಂದರೆ ತಯಾರಾದದ್ದರಲ್ಲಿ ಖರ್ಚಾದದ್ದು ಕಳೆದ ಬಾಕಿಯನ್ನು. ಆ ಕೊಬ್ಬು ತಟ್ಟೆಯಿಂದ ಬಂತೋ ಹೊಟ್ಟೆಯ ಸುತ್ತಲಿಂದ ಬಂತೋ ಎಂದು ಅದು ಹೇಳಲಾರದು. ಕೀಟೋನ್ ಪಾನೀಯ ಕುಡಿದರೂ ಅಂಕಿ ಏರುತ್ತದೆ. 2016ರಲ್ಲಿ ಕೆವಿನ್ ಹಾಲ್ ತಂಡ ಸ್ಥೂಲಕಾಯದ ಅಥವಾ ಹೆಚ್ಚು ತೂಕದ 17 ಪುರುಷರನ್ನು ಆಸ್ಪತ್ರೆಯ ಕಾವಲಿನಲ್ಲಿಟ್ಟು ನೋಡಿದಾಗ, ಕೀಟೋಜೆನಿಕ್ ಆಹಾರದಿಂದ ದೇಹದ ಕೊಬ್ಬು ಕರಗುವ ವೇಗ ಹೆಚ್ಚಲಿಲ್ಲ.

ಇಂದಿನ ಬಳಕೆಯಲ್ಲಿ ಮಾಮೂಲಿ ಊಟ ಮಾಡುವವರ ರಕ್ತದಲ್ಲಿ ಲೀಟರಿಗೆ 0.5 ಮಿಲಿಮೋಲ್‌ಗಿಂತ ಕಡಿಮೆ ಕೀಟೋನ್ ಇರುತ್ತದೆ. ವಾರಗಟ್ಟಲೆ ಉಪವಾಸದಲ್ಲಿ ಅದು 5ರಿಂದ 7ರವರೆಗೆ ಹೋದರೂ ಇನ್ಸುಲಿನ್ ಕಡಿವಾಣ ಹಾಕಿರುತ್ತದೆ. ಮಧುಮೇಹಿಗಳಲ್ಲಿ ಮಾತ್ರ 3 ದಾಟಿದರೆ ಅದು ತುರ್ತು ಸ್ಥಿತಿ. ಇನ್ಸುಲಿನ್ ಕೊರತೆಯಿಂದ ಏರಿಕೆಗೆ ತಡೆಯಿಲ್ಲದೆ ರಕ್ತ ಆಮ್ಲೀಯವಾಗುತ್ತದೆ. ಎಸ್‌ಜಿಎಲ್‌ಟಿ2 ಗುಂಪಿನ ಮಧುಮೇಹದ ಮಾತ್ರೆಗಳ ಬಗ್ಗೆ 2015ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಕೊಟ್ಟ ಎಚ್ಚರಿಕೆ ಇನ್ನೂ ಸೂಕ್ಷ್ಮ: ಇವನ್ನು ನುಂಗುವವರಲ್ಲಿ ಗ್ಲೂಕೋಸ್ ಅಷ್ಟೇನೂ ಏರದೆಯೇ ಆಮ್ಲತೆ ಬರಬಹುದು. ಊಟದಲ್ಲಿ ಪಿಷ್ಟ ಕಡಿತಗೊಳಿಸಿದರೆ ಈ ಅಪಾಯ ಹೆಚ್ಚುತ್ತದೆ. ಅಂಥವರಿಗೆ ವಾಕರಿಕೆ, ಹೊಟ್ಟೆನೋವು, ಏದುಸಿರು ಕಾಣಿಸಿಕೊಂಡಾಗ ಸಕ್ಕರೆಯ ಮೀಟರು ಸರಿಯಾಗಿಯೇ ಇದೆ ಎನ್ನುತ್ತಿದ್ದರೂ ರಕ್ತದ ಕೀಟೋನನ್ನು ಅಳೆಯಲೇಬೇಕಾಗುತ್ತದೆ.