ರಾಮನ್ ಹೊಡೆದ ಗೋಲು

ಸಂಜೆಯ ಹೊತ್ತು ಗುಂಡ್ಲುಪೇಟೆಯ ಸುತ್ತಿನ ಹಳ್ಳಿಗಳಲ್ಲಿ ಹುಡುಗರು ಬರಿಗಾಲಿನಿಂದ ಚೆಂಡನ್ನೊದ್ದು ಧೂಳೆಬ್ಬಿಸುವುದನ್ನು ಕಂಡಾಗಲೆಲ್ಲ ನನಗೆ ಒಂದು ಹೆಸರು ನೆನಪಾಗುತ್ತದೆ: ಸಾರಂಗಪಾಣಿ ರಾಮನ್. ಈ ಹೆಸರನ್ನು ಬಲ್ಲವರು ಕೇಳುಗರಲ್ಲಿ ಎಷ್ಟು ಮಂದಿ ಇರುವಿರೋ ಕಾಣೆ. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತದ ಮೊತ್ತಮೊದಲ ಗೋಲನ್ನು ಹೊಡೆದವರು ಮೈಸೂರು ಸಂಸ್ಥಾನದ ಪರವಾಗಿ ಆಡುತ್ತಿದ್ದ ಈ ರಾಮನ್.

ಬೆಂಗಳೂರಿಗೆ ಈ ಆಟ ಬಂದದ್ದು ದಂಡಿನೊಂದಿಗೆ. ಬ್ರಿಟಿಷ್ ಪಡೆಗಳ ಮೈದಾನದಂಚಿನಲ್ಲಿ ನಿಂತು ನೋಡಿದ ಹುಡುಗರು ಅದನ್ನು ತಮ್ಮ ಕೇರಿಗಳಿಗೆ ಕೊಂಡೊಯ್ದರು. ಗೌತಮಪುರ, ಆಸ್ಟಿನ್ ಟೌನ್‌ಗಳು ಆಟಗಾರರ ತವರಾದವು. ಆ ಕೃಷಿಗೆ ಫಲವೂ ದೊರೆಯಿತು. 1946-47ರಲ್ಲಿ ಬೆಂಗಳೂರಿನಲ್ಲಿಯೇ ನಡೆದ ಸಂತೋಷ್ ಟ್ರೋಫಿಯಲ್ಲಿ ಮೈಸೂರು ತಂಡವು ಬಂಗಾಳವನ್ನು ಸೋಲಿಸಿತು.

1948ರ ಜುಲೈ 31. ಸ್ವಾತಂತ್ರ್ಯ ಬಂದು ವರ್ಷ ತುಂಬಲು ಇನ್ನೂ ಹದಿನೈದು ದಿನ. ಲಂಡನ್ನಿನ ಬಳಿಯ ಇಲ್ಫರ್ಡ್‌ನಲ್ಲಿ ತಾಲಿಮೆರೆನ್ ಆವೋ ನಾಯಕತ್ವದ ಭಾರತ ತಂಡವು ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಫ್ರಾನ್ಸ್ ಮೊದಲ ಗೋಲು ಹೊಡೆಯಿತು. ನಮಗೆ ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಎಪ್ಪತ್ತನೆಯ ನಿಮಿಷದಲ್ಲಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಆಟ ಮುಗಿಯುವ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಸೋತವರಿಗೆ ಮರುಪಂದ್ಯವಿರಲಿಲ್ಲ. 1952ರ ಒಲಿಂಪಿಕ್ ತಂಡದಲ್ಲಿ ರಾಮನ್ ಇರಲಿಲ್ಲ. ಅವರ ಒಲಿಂಪಿಕ್ ಜೀವನವೆಲ್ಲ ತೊಂಬತ್ತು ನಿಮಿಷಗಳದು.

ಹನ್ನೆರಡು ದಿನಗಳ ಬಳಿಕ, ಆಗಸ್ಟ್ 12ರಂದು, ನಮ್ಮ ಹಾಕಿ ತಂಡವು ಅದೇ ಲಂಡನ್ನಿನಲ್ಲಿ ಬ್ರಿಟನ್ನನ್ನು ಸೋಲಿಸಿ ಚಿನ್ನ ಗೆದ್ದಿತು. ಆ ಬೆಳಕಿನಲ್ಲಿ ಇಲ್ಫರ್ಡಿನ ಸೋಲು ಮಂಕಾದುದು ಸಹಜವೇ. ಉಳಿದುಕೊಂಡದ್ದು ಬರಿಗಾಲಿನ ಕಥೆ ಮಾತ್ರ. ಅದನ್ನು ನಾವು ಇಂದಿಗೂ ರಂಜನೆಗಾಗಿ ಹೇಳಿಕೊಳ್ಳುತ್ತೇವೆ. ಕಾಲಿಗೆ ಏನಿರಲಿಲ್ಲವೆಂಬುದು ನೆನಪಿದೆ, ಆ ಕಾಲು ಏನು ಮಾಡಿತೆಂಬುದು ಮರೆತಿದೆ.

ಅದೇ ತಂಡದಲ್ಲಿ ರಾಮನ್ನರ ಜೊತೆಗಾರರಾಗಿದ್ದ ಬೆಂಗಳೂರಿನ ಅಹಮದ್ ಖಾನರ ಪಾಡು ಬೇರೆ. ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ ‘ಪಂಚಪಾಂಡವ’ರೆಂಬ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರೆನಿಸಿದರು, 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದೆದುರು ಭಾರತ 10-1ರಿಂದ ಸೋತಾಗ ಆ ಒಂದು ಗೋಲು ಅವರದೇ. ಸ್ವತಂತ್ರ ಭಾರತದ ಮೊದಲ ಎರಡು ಒಲಿಂಪಿಕ್ ಗೋಲುಗಳೂ ನಮ್ಮ ನೆಲದವರವೇ ಎಂಬುದನ್ನು ನಾವು ನಮ್ಮ ಮಕ್ಕಳಿಗೆ ಹೇಳಿದ್ದೇವೆಯೇ?

ಚರಿತ್ರೆ ಬರೆಯುವಾಗ ನಾವು ಗೆದ್ದವರನ್ನು ಎಣಿಸುತ್ತೇವೆ, ದೀರ್ಘಕಾಲ ಬೆಳಗಿದವರನ್ನು ಕೊಂಡಾಡುತ್ತೇವೆ. ಒಂದೇ ಪಂದ್ಯವಾಡಿದವರಿಗೆ ಅಲ್ಲಿ ಒಂದು ಸಾಲೂ ಸಿಗುವುದಿಲ್ಲ. ರಾಜ್ಯದ ಕ್ರೀಡಾ ಚರಿತ್ರೆಯನ್ನು ಬರೆಯುವವರು ರಾಮನ್ನರಿಗೆ ಆ ಒಂದು ಸಾಲನ್ನು ಕೊಟ್ಟರೆ ಹಳೆಯ ಸಾಲವೊಂದು ತೀರೀತು.