ಇನ್ಸುಲಿನ್ನಿನ ಇತಿಹಾಸ ಮತ್ತು ಗಂಗಾವತಿಯ ಒಂದು ಬೆಕ್ಕು



ಕೊಪ್ಪಳ ಪಟ್ಟಣಕ್ಕೆ ಹೋದವರು ಗವಿಮಠದ ಬೆಟ್ಟವನ್ನು ನೋಡದೆ ಬರುವುದಿಲ್ಲ. ಅಲ್ಲಿನ ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆ. ಸಮೀಪದ ಪಾಲ್ಕಿಗುಂಡಿನ ಮೇಲೆ ಇನ್ನೊಂದಿದೆ. 1931ರಲ್ಲಿ ಇವು ವಿದ್ವಾಂಸರ ಗಮನಕ್ಕೆ ಬಂದವು. ಇವು ಅಶೋಕನ ಕಿರುಶಾಸನಗಳು. ಅವನ ಹಿರಿಯ ಶಾಸನಗಳನ್ನು ಓದಬೇಕಾದರೆ ನಾವು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಎರ್ರಗುಡಿಯಂಥ ಸ್ಥಳಗಳಿಗೆ ಹೋಗಬೇಕು. ಆ ಮಾಲೆಯ ಎರಡನೆಯ ಶಾಸನದಲ್ಲಿ ಒಂದು ವಿಶೇಷ ಸಂಗತಿ ಇದೆ. ಮನುಷ್ಯರಿಗೂ ಪ್ರಾಣಿಗಳಿಗೂ, ಹೀಗೆ ಎರಡು ಬಗೆಯ ಚಿಕಿತ್ಸೆಗೆ ತಾನು ಏರ್ಪಾಡು ಮಾಡಿರುವುದಾಗಿಯೂ, ಇಬ್ಬರಿಗೂ ಬೇಕಾದ ಔಷಧಿ ಸಸ್ಯಗಳು ಇಲ್ಲದ ಕಡೆ ಅವುಗಳನ್ನು ತರಿಸಿ ನೆಡಿಸಿರುವುದಾಗಿಯೂ ಅಶೋಕ ಅದರಲ್ಲಿ ಹೇಳಿಕೊಂಡಿದ್ದಾನೆ. ಇದು ಕ್ರಿಸ್ತಪೂರ್ವ ಮೂರನೆಯ ಶತಮಾನದ ಮಾತು.

ಪ್ರಾಣಿಗೆ ಚಿಕಿತ್ಸೆ ಎಂದೊಡನೆ ನಮಗೆ ನೆನಪಾಗುವುದು ಎತ್ತು, ಎಮ್ಮೆ, ಆಡು, ಕುರಿ. ಬೆಕ್ಕು ನೆನಪಾಗುವುದಿಲ್ಲ. ಆದರೆ ಈ ದಿನದ ನಮ್ಮ ವಿಷಯ ಬೆಕ್ಕು. ಅದೂ ಮಧುಮೇಹ, ಎಂದರೆ ಸಕ್ಕರೆ ಕಾಯಿಲೆ ಬಂದ ಬೆಕ್ಕು. ಈ ಕಥೆಯ ಒಂದು ತುದಿ ನಮ್ಮ ಜಿಲ್ಲೆಯಲ್ಲಿದೆ, ಇನ್ನೊಂದು ತುದಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿದೆ.

ಕಾಳಿನ ಕಾವಲುಗಾರ

1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ರೂಪುಗೊಂಡ ಕೊಪ್ಪಳ ಜಿಲ್ಲೆಯಲ್ಲಿ ಎರಡು ಬಗೆಯ ಬೇಸಾಯವಿದೆ. ಕುಷ್ಟಗಿ, ಯಲಬುರ್ಗಾ ಕಡೆ ಹೆಚ್ಚಾಗಿ ಮಳೆಯನ್ನು ನಂಬಿದ ಜೋಳ, ಸಜ್ಜೆ, ಶೇಂಗಾ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆಯುವ ಭತ್ತ. ಜೋಳ ತುಂಬಿದ ಹಗೇವು ಇರಲಿ, ಭತ್ತದ ಗೋದಾಮು ಇರಲಿ, ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಬೆಕ್ಕು ಮನುಷ್ಯನ ಬಳಿಗೆ ಬಂದದ್ದೂ ಹೀಗೆಯೇ. ಪಶ್ಚಿಮ ಏಷ್ಯಾದಲ್ಲಿ ಬೇಸಾಯ ಆರಂಭವಾದಾಗ ಕಾಳಿನ ರಾಶಿಗೆ ಇಲಿಗಳು ಬಂದವು, ಇಲಿಗಳ ಹಿಂದೆ ಕಾಡುಬೆಕ್ಕು ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷಗಳ ಹಿಂದೆ ಒಬ್ಬ ಮನುಷ್ಯನ ಪಕ್ಕದಲ್ಲಿಯೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರ ದೊರೆತಿದೆ.

ಇಷ್ಟು ಸಾವಿರ ವರ್ಷಗಳಾದರೂ ಬೆಕ್ಕಿನ ದೇಹ ಬದಲಾಗಲಿಲ್ಲ. ಅದು ಇಂದಿಗೂ ಅಪ್ಪಟ ಮಾಂಸಾಹಾರಿ. ಇಲಿಯ ದೇಹದಲ್ಲಿರುವುದು ಮುಖ್ಯವಾಗಿ ಸಸಾರಜನಕ ಮತ್ತು ಕೊಬ್ಬು. ಪಿಷ್ಟ ಅತಿ ಕಡಿಮೆ. ಆದ್ದರಿಂದ ಒಮ್ಮೆಲೇ ಬಂದು ಬೀಳುವ ಸಕ್ಕರೆಯನ್ನು ನಿಭಾಯಿಸುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ಕಡಿಮೆ. ಬದಲಾದದ್ದು ನಮ್ಮ ಮನೆ. ಗಂಗಾವತಿಯಲ್ಲಿರುವ ನನ್ನ ಅಕ್ಕನ ಮನೆಯ ಬೆಕ್ಕು ಕರಿಯ ಮೊದಲು ಭತ್ತದ ಚೀಲಗಳ ನಡುವೆ ಓಡಾಡಿಕೊಂಡಿತ್ತು. ಹೊಸ ಮನೆಗೆ ಬಂದ ಮೇಲೆ ಬೇಟೆ ನಿಂತಿತು. ಎರಡು ಹೊತ್ತು ಹಾಲು ಕಲಸಿದ ಅನ್ನ, ಮಧ್ಯಾಹ್ನ ಮೊಸರನ್ನ, ಉಳಿದ ಹೊತ್ತು ನಿದ್ರೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಗಂಡುಬೆಕ್ಕು, ಮೈ ಬಂದಿತು. ನಾವೆಲ್ಲ ಅದನ್ನು ಆರೋಗ್ಯವೆಂದೇ ತಿಳಿದೆವು.

ಹತ್ತನೆಯ ವರ್ಷದಲ್ಲಿ ಅಕ್ಕ ದೂರವಾಣಿ ಮಾಡಿ, "ತಮ್ಮಾ, ಇದು ದಿನಾ ಬಟ್ಟಲಗಟ್ಟಲೆ ನೀರು ಕುಡ್ಯಾಕತ್ತೈತಿ. ತಿಂದಷ್ಟೂ ಸೊರಗಾಕತ್ತೈತಿ" ಎಂದಳು. ನಾನು ಹೋಗಿ ನೋಡಿದಾಗ ಅದು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತಿತ್ತು. ಹಿತ್ತಲಲ್ಲಿ ಅದು ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತಿತ್ತು.

ವಿಜ್ಞಾನ ಓದಿದವನಾಗಿಯೂ ಆ ಇರುವೆಗಳನ್ನು ನೋಡುವವರೆಗೆ ನನಗೆ ಹೊಳೆಯಲಿಲ್ಲ. ನಮ್ಮ ಪ್ರಾಚೀನ ವೈದ್ಯರು ಗಮನಿಸಿದ್ದುದು ಇದನ್ನೇ. ಚರಕ, ಸುಶ್ರುತ ಸಂಹಿತೆಗಳು ಈ ರೋಗವನ್ನು ವರ್ಣಿಸಿವೆ. ಮಧುಮೇಹವೆಂಬ ಹೆಸರೇ ಜೇನಿನಂಥ ಮೂತ್ರ ಎಂಬ ಅರ್ಥದ್ದು. ಆ ಸಿಹಿಗೆ ಕಾರಣ ಸಕ್ಕರೆಯೇ ಎಂದು ಇಂಗ್ಲೆಂಡಿನ ವೈದ್ಯ ಮ್ಯಾಥ್ಯೂ ಡಾಬ್ಸನ್ ಪ್ರಯೋಗದಿಂದ ತೋರಿಸಿದ್ದು 1776ರಲ್ಲಿ.

ನಾಯಿ, ಮೊಲ ಮತ್ತು ಒಬ್ಬ ಹುಡುಗ

1869ರಲ್ಲಿ ಜರ್ಮನಿಯ ಪಾಲ್ ಲ್ಯಾಂಗರ್‌ಹ್ಯಾನ್ಸ್ ಮೇದೋಜೀರಕ ಗ್ರಂಥಿಯಲ್ಲಿ ಚಿಕ್ಕ ಚಿಕ್ಕ ಜೀವಕೋಶದ ಗುಂಪುಗಳನ್ನು ಕಂಡ. ಆಗ ಅವನು ಇನ್ನೂ ವಿದ್ಯಾರ್ಥಿ. ಅವುಗಳ ಕೆಲಸವೇನೆಂದು ಅವನಿಗೆ ತಿಳಿಯಲಿಲ್ಲ. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಆಸ್ಕರ್ ಮಿಂಕೋವ್‌ಸ್ಕಿ ಮತ್ತು ಜೋಸೆಫ್ ಫಾನ್ ಮೆರಿಂಗ್ ಒಂದು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದರು. ನಾಯಿಗೆ ಮಧುಮೇಹ ಬಂದಿತು. ರೋಗದ ಬೇರು ಆ ಗ್ರಂಥಿಯಲ್ಲಿದೆ ಎಂಬುದು ಸಿದ್ಧವಾಯಿತು.

ಅಲ್ಲಿಂದ ಮುಂದೆ ಮೂವತ್ತು ವರ್ಷಗಳ ಕಾಲ ಅನೇಕರು ಆ ಗ್ರಂಥಿಯಿಂದ ಔಷಧ ತೆಗೆಯಲು ಯತ್ನಿಸಿದರು. 1921ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಶಸ್ತ್ರವೈದ್ಯ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಆಗತಾನೇ ಪದವಿ ಮುಗಿಸಿದ್ದ ಚಾರ್ಲ್ಸ್ ಬೆಸ್ಟ್, ಪ್ರಾಧ್ಯಾಪಕ ಮೆಕ್ಲಿಯಾಡರ ಪ್ರಯೋಗಾಲಯದಲ್ಲಿ ನಾಯಿಗಳ ಮೇಲೆ ಕೆಲಸ ಆರಂಭಿಸಿದರು. ಮಾರ್ಜೊರಿ ಎಂದು ಹೆಸರಾದ ಒಂದು ನಾಯಿ ಗ್ರಂಥಿಯಿಲ್ಲದೆಯೂ ಅವರು ತೆಗೆದ ಸಾರದ ಬಲದಿಂದ ಸುಮಾರು 70 ದಿನ ಬದುಕಿತು. ವರ್ಷದ ಕೊನೆಗೆ ರಸಾಯನಶಾಸ್ತ್ರಜ್ಞ ಜೇಮ್ಸ್ ಕಾಲಿಪ್ ಬಂದು ಸಾರವನ್ನು ಶುದ್ಧಗೊಳಿಸಿದರು.

ಕಾಲಿಪ್ ತಮ್ಮ ಸಾರದ ಬಲವನ್ನು ಮೊಲಗಳ ಮೇಲೆ ಪರೀಕ್ಷಿಸುತ್ತಿದ್ದರು. ಪ್ರಮಾಣ ಹೆಚ್ಚಾದಾಗ ಮೊಲಗಳು ಸೆಳೆತ ಬಂದು ಬೀಳುತ್ತಿದ್ದವು. ಗ್ಲೂಕೋಸ್ ಕೊಟ್ಟಾಗ ಚೇತರಿಸಿಕೊಳ್ಳುತ್ತಿದ್ದವು. ಇನ್ಸುಲಿನ್ ಕಡಿಮೆಯಾದರೆ ರೋಗ, ಹೆಚ್ಚಾದರೆ ಪ್ರಾಣಾಪಾಯ ಎಂಬ ಪಾಠ ಅಲ್ಲಿ ದೊರೆಯಿತು. ಈ ಮೊಲಗಳನ್ನು ನೆನಪಿಡಿ. ಮುಂದೆ ಇವು ಮತ್ತೆ ಬರುತ್ತವೆ.

1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಡಲಾಯಿತು. ಅದು ಫಲಿಸಲಿಲ್ಲ. ಜನವರಿ 23ರಂದು ಕಾಲಿಪ್ ಶುದ್ಧಗೊಳಿಸಿದ ಸಾರವನ್ನು ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಮತ್ತೆ ಹದಿಮೂರು ವರ್ಷ ಬದುಕಿದ. 1923ರ ನೊಬೆಲ್ ಪಾರಿತೋಷಕ ಬ್ಯಾಂಟಿಂಗ್ ಮತ್ತು ಮೆಕ್ಲಿಯಾಡರಿಗೆ ಸಂದಿತು. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು.

ಕಸಾಯಿಖಾನೆಯಿಂದ ಬೆಂಗಳೂರಿಗೆ

ಅಲ್ಲಿಂದ ಅರವತ್ತು ವರ್ಷ ಇನ್ಸುಲಿನ್ ಬಂದದ್ದು ಕಸಾಯಿಖಾನೆಯ ದನ ಮತ್ತು ಹಂದಿಗಳ ಗ್ರಂಥಿಯಿಂದ. ಕಾಲು ಕಿಲೋಗಿಂತ ಕಡಿಮೆ ಶುದ್ಧ ಇನ್ಸುಲಿನ್ನಿಗೆ ಸುಮಾರು ಎರಡು ಟನ್ ಗ್ರಂಥಿ ಬೇಕಾಗುತ್ತಿತ್ತು. 1955ರ ವೇಳೆಗೆ ಫ್ರೆಡರಿಕ್ ಸ್ಯಾಂಗರ್ ದನದ ಇನ್ಸುಲಿನ್ನಿನ 51 ಅಮೈನೋ ಆಮ್ಲಗಳ ಕ್ರಮವನ್ನು ಪೂರ್ತಿಯಾಗಿ ಬಿಡಿಸಿದರು. 1969ರಲ್ಲಿ ಡೊರೊಥಿ ಹಾಜ್‌ಕಿನ್ ಅದರ ಮೂರು ಆಯಾಮದ ರಚನೆಯನ್ನು ತೋರಿಸಿದರು. ಆಗ ಒಂದು ಹೋಲಿಕೆ ಸಾಧ್ಯವಾಯಿತು. ಹಂದಿಯ ಇನ್ಸುಲಿನ್ನಿಗೂ ಮನುಷ್ಯನದಕ್ಕೂ ಒಂದೇ ಅಮೈನೋ ಆಮ್ಲದ ವ್ಯತ್ಯಾಸ. ದನದ ಇನ್ಸುಲಿನ್ನಿಗೂ ಬೆಕ್ಕಿನದಕ್ಕೂ ಒಂದೇ ವ್ಯತ್ಯಾಸ. ನಾಯಿಯದು ಮತ್ತು ಹಂದಿಯದು ಒಂದೇ. ಒಂದು ಜೀವಿಯ ಔಷಧ ಇನ್ನೊಂದಕ್ಕೆ ಒದಗುವ ಗುಟ್ಟು ಇಲ್ಲಿದೆ.

1978ರಲ್ಲಿ ಅಮೆರಿಕದ ವಿಜ್ಞಾನಿಗಳು ಬ್ಯಾಕ್ಟೀರಿಯಾದಿಂದ ಮಾನವ ಇನ್ಸುಲಿನ್ ತಯಾರಿಸಿದರು. 1982ರಲ್ಲಿ ಅದು ಔಷಧವಾಗಿ ಮಾರುಕಟ್ಟೆಗೆ ಬಂದಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ಯೀಸ್ಟಿನ ಸಹಾಯದಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು ಬಿಡುಗಡೆ ಮಾಡಿತು. 2009ರಲ್ಲಿ ದೀರ್ಘಕಾಲ ಕೆಲಸ ಮಾಡುವ ಗ್ಲಾರ್ಜಿನ್ ಎಂಬ ಬಗೆಯನ್ನೂ ತಂದಿತು. ಬೆಕ್ಕುಗಳಿಗೆ ಪಶುವೈದ್ಯರು ಹೆಚ್ಚಾಗಿ ಆರಿಸಿಕೊಳ್ಳುವ ಔಷಧಗಳಲ್ಲಿ ಗ್ಲಾರ್ಜಿನ್ ಒಂದು.

ಬೆಕ್ಕು ಇಲ್ಲಿ ಕೇವಲ ಪಡೆದುಕೊಂಡ ಪ್ರಾಣಿಯಲ್ಲ. ಮಧುಮೇಹಿಗಳ ಮೇದೋಜೀರಕ ಗ್ರಂಥಿಯಲ್ಲಿ ಅಂಟಿನಂಥ ಒಂದು ವಸ್ತು ಸೇರಿಕೊಂಡಿರುವುದನ್ನು ವೈದ್ಯರು ಬಹುಕಾಲದಿಂದ ಕಂಡಿದ್ದರು. 1987ರಲ್ಲಿ ಸ್ವೀಡನ್ನಿನ ಪರ್ ವೆಸ್ಟರ್‌ಮಾರ್ಕ್ ಮತ್ತು ಸಂಗಡಿಗರು ಮನುಷ್ಯನ ಗಡ್ಡೆಯೊಂದರಿಂದಲೂ ಮಧುಮೇಹಿ ಬೆಕ್ಕಿನ ಗ್ರಂಥಿಯಿಂದಲೂ ಆ ವಸ್ತುವನ್ನು ಬೇರ್ಪಡಿಸಿ, ಅದು ಯಾವ ಸಸಾರಜನಕದಿಂದ ಆದದ್ದೆಂದು ಗುರುತಿಸಿದರು. ಇಲಿಯ ಗ್ರಂಥಿಯಲ್ಲಿ ಇದು ತಾನಾಗಿ ಸೇರಿಕೊಳ್ಳುವುದಿಲ್ಲ. ಪ್ರಯೋಗಾಲಯದ ಇಲಿ ಹೇಳಲಾರದ್ದನ್ನು ಬೆಕ್ಕು ಹೇಳಿತು.

ಮನೆಯ ಆರೈಕೆ

ಕರಿಯನನ್ನು ಪರೀಕ್ಷಿಸಿದ ಪಶುವೈದ್ಯರು ರಕ್ತದ ಒಂದೇ ಪರೀಕ್ಷೆಯನ್ನು ನಂಬಲಿಲ್ಲ. ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ತಾನಾಗಿ ಏರುತ್ತದೆ. ಮೂತ್ರವನ್ನೂ ನೋಡಿ, ಲಕ್ಷಣಗಳನ್ನೂ ಕೇಳಿ, ನಂತರ ದಿನಕ್ಕೆರಡು ಬಾರಿ, ಹನ್ನೆರಡು ಗಂಟೆಗಳ ಅಂತರದಲ್ಲಿ, ಒಂದು ಯೂನಿಟ್ ಇನ್ಸುಲಿನ್ ಎಂದು ಬರೆದರು. ಹಾಲು, ಅನ್ನ ನಿಂತವು. ಬೇಯಿಸಿದ ಕೋಳಿ, ಮೊಟ್ಟೆ, ಪಿಷ್ಟ ಕಡಿಮೆ ಇರುವ ಬೆಕ್ಕಿನ ಆಹಾರ ಬಂದವು. ಆಹಾರ ಬದಲಾದಾಗ ಇನ್ಸುಲಿನ್ನಿನ ಅಗತ್ಯವೂ ಇಳಿಯಬಹುದು. ಆದ್ದರಿಂದ ವೈದ್ಯರಿಗೆ ತಿಳಿಸದೆ ಬದಲಾಯಿಸಬಾರದು. ದಪ್ಪ ಬೆಕ್ಕನ್ನು ಉಪವಾಸ ಕೆಡವುವುದಂತೂ ಸಲ್ಲದು, ಅದರ ಯಕೃತ್ತು ಕೆಡುತ್ತದೆ.

ತಿಂದ ಮೇಲೆ ಪಕ್ಕೆಯ ಚರ್ಮವನ್ನು ಬೆರಳಿನಿಂದ ಎತ್ತಿ ಸಣ್ಣ ಸೂಜಿಯಿಂದ ಮದ್ದು ಕೊಡುವುದನ್ನು ಅಕ್ಕ ಎರಡೇ ದಿನದಲ್ಲಿ ಕಲಿತಳು. ಬಿಸಿ ಬಟ್ಟೆಯಿಂದ ಕಿವಿಯನ್ನು ಬೆಚ್ಚಗೆ ಮಾಡಿ, ಅಂಚಿನಲ್ಲಿ ಚುಚ್ಚಿ, ಒಂದು ಹನಿ ರಕ್ತದಿಂದ ಸಕ್ಕರೆ ಅಳೆಯುವುದನ್ನೂ ಕಲಿತಳು. ಮನುಷ್ಯರ ಗ್ಲೂಕೋಮೀಟರ್ ಬೆಕ್ಕಿನಲ್ಲಿ ಸಾಮಾನ್ಯವಾಗಿ ತುಸು ಕಡಿಮೆ ಅಂಕಿ ತೋರಿಸುತ್ತದೆ ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ತಾರೀಖು, ವೇಳೆ, ಸಕ್ಕರೆ, ಯೂನಿಟ್ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು.

ಬೇಸಿಗೆಯಲ್ಲಿ ಇನ್ನೊಂದು ಚಿಂತೆ. ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು, ಹೆಪ್ಪುಗಟ್ಟಲೂ ಬಿಡಬಾರದು. ನಮ್ಮ ಕಡೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ವಿದ್ಯುತ್ತು ಹೋಗುತ್ತದೆ. ಆಗ ಅಕ್ಕ ನೆನೆದ ಮರಳಿನ ನಡುವೆ ಮಣ್ಣಿನ ಗಡಿಗೆ ಇಟ್ಟು, ಅದರೊಳಗೆ ಸೀಸೆಯನ್ನು ಇಡುತ್ತಿದ್ದಳು. ನೀರು ಆವಿಯಾಗುವಾಗ ಗಡಿಗೆಯ ಶಾಖವನ್ನು ಹೀರಿಕೊಳ್ಳುತ್ತದೆ; ಇದನ್ನು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ. ಗಡಿಗೆ ಫ್ರಿಜ್ಜಿಗೆ ಸಮವಲ್ಲ, ಆದರೆ ಕೆಲವು ಗಂಟೆಗಳ ಸೆಕೆಯನ್ನು ತಡೆಯುತ್ತದೆ.

ಎರಡು ಗೆರೆ

ನಾಲ್ಕನೆಯ ತಿಂಗಳಲ್ಲಿ ವೈದ್ಯರು ಔಷಧವನ್ನು ಗ್ಲಾರ್ಜಿನ್ನಿಗೆ ಬದಲಾಯಿಸಿ ಎರಡು ಯೂನಿಟ್ ಎಂದರು. ಅಂದು ಮನೆಯಲ್ಲಿದ್ದವನು ನಾನು. ಹಳೆಯ ಕೆಂಪು ಮುಚ್ಚಳದ ಸಿರಿಂಜನ್ನೇ ತೆಗೆದುಕೊಂಡು ಎರಡು ಗೆರೆಯಷ್ಟು ಎಳೆದುಕೊಟ್ಟೆ. ಎರಡು ಗಂಟೆ ಕಳೆಯುವಷ್ಟರಲ್ಲಿ ಬೆಕ್ಕು ತೂರಾಡಿತು. ಆಮೇಲೆ ಮೈ ನಡುಗಿ ಬಿದ್ದಿತು.

ಲೆಕ್ಕ ಹೀಗಿದೆ. ಹಳೆಯ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್. ಕೆಂಪು ಮುಚ್ಚಳದ ಸಿರಿಂಜು ಅದಕ್ಕಾಗಿ ಮಾಡಿದ್ದು. ಹೊಸ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 100 ಯೂನಿಟ್. ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜು ಬೇಕು. ಹಳೆಯ ಸಿರಿಂಜಿನ ಎರಡು ಗೆರೆ ಎಂದರೆ ಒಂದು ಮಿಲಿಲೀಟರಿನ ಇಪ್ಪತ್ತನೆಯ ಒಂದು ಭಾಗ. ಹೊಸ ಔಷಧದಲ್ಲಿ ಅದು ಐದು ಯೂನಿಟ್. ಎರಡೂವರೆ ಪಟ್ಟು ಹೆಚ್ಚು! ತಪ್ಪು ಔಷಧದ್ದಲ್ಲ, ವೈದ್ಯರದ್ದೂ ಅಲ್ಲ. ಲೆಕ್ಕ ಬಲ್ಲ ನಾನೇ ಲೆಕ್ಕ ಮಾಡಿರಲಿಲ್ಲ.

ಕಾಲಿಪ್ ಅವರ ಮೊಲಗಳು ನನಗೆ ನೆನಪಾದದ್ದು ಆಗ. ಅಕ್ಕ ಜೇನುತುಪ್ಪವನ್ನು ಬೆರಳಿನಿಂದ ಅದರ ಒಸಡಿಗೆ ಸವರಿದಳು. ಎಚ್ಚರ ತಪ್ಪಿದ ಪ್ರಾಣಿಯ ಬಾಯಿಗೆ ಏನನ್ನೂ ಸುರಿಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಹಾಗೆ ಸವರುತ್ತಲೇ ವೈದ್ಯರ ಬಳಿಗೆ ಓಡಿದೆವು. ಗ್ಲೂಕೋಸ್ ಕೊಟ್ಟರು. ಸಂಜೆಗೆ ಬೆಕ್ಕು ಕಣ್ಣು ತೆರೆಯಿತು.

ಆ ದಿನ ಪಕ್ಕದ ಮನೆಯ ಹಿರಿಯರೊಬ್ಬರು, "ಮಂದಿಗೇ ಔಷಧ ಸಿಗವಲ್ದು, ಬೆಕ್ಕಿಗೆ ಯಾಕ ಸೂಜಿ ಚುಚ್ಚತೀಯವ್ವಾ?" ಎಂದು ಕೇಳಿದರು. ಅಕ್ಕ, "ಹತ್ತು ವರ್ಷ ನಮ್ಮ ಭತ್ತದ ಚೀಲ ಕಾಯ್ದೈತ್ರೀ. ಈಗ ಬಿಟ್ಟುಬಿಡಂದ್ರ ಹೆಂಗ?" ಎಂದಷ್ಟೇ ಹೇಳಿದಳು.

ಹಿರಿಯರ ಪ್ರಶ್ನೆಯನ್ನು ನಾನು ಹಗುರವಾಗಿ ನೋಡಲಾರೆ. ಇನ್ಸುಲಿನ್ ಕೊಳ್ಳಲಾಗದ ಮನುಷ್ಯರು ಇಂದಿಗೂ ಇದ್ದಾರೆ. ಒಂದು ಡಾಲರಿಗೆ ಹಕ್ಕು ಬಿಟ್ಟುಕೊಟ್ಟವರ ಆಸೆ ಇನ್ನೂ ಪೂರ್ತಿ ಈಡೇರಿಲ್ಲ. ಆದರೆ ಬೆಕ್ಕಿಗೆ ಕೊಡದಿದ್ದ ಮಾತ್ರಕ್ಕೆ ಆ ಔಷಧ ಬಡವನ ಕೈಗೆ ಸೇರುವುದಿಲ್ಲ. ಈ ಔಷಧವನ್ನು ನಮಗೆ ತೋರಿಸಿಕೊಟ್ಟದ್ದು ನಾಯಿ, ಅಳತೆ ಕಲಿಸಿದ್ದು ಮೊಲ, ಅರವತ್ತು ವರ್ಷ ಒದಗಿಸಿದ್ದು ದನ ಮತ್ತು ಹಂದಿ. ಆ ಲೆಕ್ಕದಲ್ಲಿ ಸಾಲಗಾರರು ನಾವು.

ಕರಿಯ ಮತ್ತೆ ಎರಡು ವರ್ಷ ಬದುಕಿತು. 2022 ಮತ್ತು 2023ರಲ್ಲಿ ಅಮೆರಿಕದ ಔಷಧ ಇಲಾಖೆ ಬೆಕ್ಕುಗಳ ಮಧುಮೇಹಕ್ಕೆ ಬಾಯಿಯಿಂದ ಕೊಡುವ ಎರಡು ಔಷಧಗಳಿಗೆ ಒಪ್ಪಿಗೆ ನೀಡಿದೆ. ಎಲ್ಲ ಬೆಕ್ಕುಗಳಿಗೂ ಅವು ಹೊಂದುವುದಿಲ್ಲ. ಅಕ್ಕನ ನೋಟ್‌ಬುಕ್ಕು ಈಗ ನನ್ನ ಬಳಿ ಇದೆ. ಎರಡು ಗೆರೆಯ ಆ ದಿನದ ಪುಟದಲ್ಲಿ ಅವಳು ಬೈಗುಳ ಬರೆದಿಲ್ಲ. ಸಿರಿಂಜಿನ ಬಣ್ಣ, ಸೀಸೆಯ ಮೇಲಿನ ಅಂಕಿ, ವೇಳೆ ಇಷ್ಟನ್ನು ಬರೆದು ಕೆಳಗೆ ಗೆರೆ ಎಳೆದಿದ್ದಾಳೆ. ನಿಮ್ಮ ಮನೆಯಲ್ಲಿ ಯಾರಿಗಾದರೂ, ಮನುಷ್ಯರಿಗಾಗಲಿ ಬೆಕ್ಕಿಗಾಗಲಿ, ಇನ್ಸುಲಿನ್ ಕೊಡುತ್ತಿದ್ದರೆ ಇವತ್ತೇ ಸೀಸೆಯನ್ನೂ ಸಿರಿಂಜನ್ನೂ ಪಕ್ಕಪಕ್ಕ ಇಟ್ಟು ಅಂಕಿಗಳನ್ನು ಓದಿ ನೋಡಿ.